ಮಗ್ಗದ ಮಾತು

“ಹಲ್ಲೆಲ್ಲಿ?” ಎಂದಳು ಲಾಳಿಯಕ್ಕ, ವಾರ್ಡಿಗೆ ಕಾಲಿಡುತ್ತಲೇ.

ಕಿಟಕಿಯ ಕಟ್ಟೆಯ ಮೇಲೆ, ಲೋಟದ ನೀರಿನಲ್ಲಿ, ಕಟ್ಟಿಸಿದ ಹಲ್ಲಿನ ಸೆಟ್ಟು ತನ್ನಷ್ಟಕ್ಕೆ ನಗುತ್ತಿತ್ತು. ನರ್ಸು ಹುಬ್ಬೇರಿಸಿದಳು. “ಬಾಯಲ್ಲಿ ಊಟಾನೇ ಇಲ್ಲ ಇವರಿಗೆ. ಹಲ್ಲು ಯಾಕೆ?”

“ಊಟಕ್ಕಲ್ಲ ತಾಯಿ, ಮಾತಿಗೆ.”

ಮಂಚದ ಮೇಲಿದ್ದವಳ ಗಂಟಲಿಗೆ ತೂತು ಕೊರೆದು ನಳಿಗೆ ಇಟ್ಟು ಹದಿನೆಂಟು ದಿನ. ದನಿ ಇಲ್ಲ, ಬರೆಯಲು ಬಾರದು. ಮೂರು ದಿನದಿಂದ ಒಂದೇ ಸಮನೆ ಏನೋ ಹೇಳುತ್ತಿದ್ದಳು. ಬೊಚ್ಚುಬಾಯಿಯ ತುಟಿ ಒಳಕ್ಕೆ ಮಡಚಿಕೊಂಡು ಅದು ಯಾರಿಗೂ ತಿಳಿಯುತ್ತಿರಲಿಲ್ಲ. ನಾಳೆ ಇನ್ನೊಂದು ಆಪರೇಷನ್ನು. ಸಹಿ ಹಾಕಬೇಕಾದ ಮಗಳೇ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋಗಿ ಲಾಳಿಯಕ್ಕನನ್ನು ಕರೆತಂದಿದ್ದಳು.

ಇಪ್ಪತ್ತಾರು ವರ್ಷ ಅಕ್ಕಪಕ್ಕದ ಮಗ್ಗ ಇಬ್ಬರದೂ. ಆ ಸದ್ದಿನಲ್ಲಿ ಕಿರುಚಿಕೊಂಡರೂ ಕೇಳದು. ಹಾಗಾಗಿ ಶೆಡ್ಡಿನ ಹೆಂಗಸರು ಚಪ್ಪಲಿಯ ಜೊತೆ ದನಿಯನ್ನೂ ಬಾಗಿಲಲ್ಲೇ ಬಿಟ್ಟು, ತುಟಿಯಲ್ಲೇ ಮಾತಾಡಿ, ಕಣ್ಣಲ್ಲೇ ಕೇಳಿಸಿಕೊಳ್ಳುತ್ತಿದ್ದರು. ಮೇಸ್ತ್ರಿಯ ಬೊಜ್ಜಿನ ಮೇಲಿನ ತಮಾಷೆಯೆಲ್ಲ ಅವನ ಮೂಗಿನಡಿಯಲ್ಲೇ ನಡೆಯುತ್ತಿತ್ತು.

ಲಾಳಿಯಕ್ಕ ಹಲ್ಲು ಕೂರಿಸಿ, ಮುಖಕ್ಕೆ ಬೆಳಕು ಬೀಳುವಂತೆ ದಿಂಬು ಸರಿಸಿದಳು. ಗೆಳತಿಯ ತುಟಿ ಅಲುಗಿತು.

“ಮುದುಕಿ ಆಗ್ಬಿಟ್ಯಲ್ಲೇ.”

“ನೀನೇನು ಹೊಸ ಮದುಮಗಳಾ?” ಲಾಳಿಯಕ್ಕನೂ ದನಿಯಿಲ್ಲದೆಯೇ ಕೇಳಿದಳು, ಅಭ್ಯಾಸ. ಇಬ್ಬರೂ ನಕ್ಕರು.

“ಏನಂತೆ? ಚಿಕ್ಕಮ್ಮ, ಏನಂತೆ?” ಮಗಳು ತೋಳು ಹಿಡಿದು ಅಲುಗಿಸಿದಳು.

ಗೆಳತಿಯ ತುಟಿ ಮತ್ತೆ ಆಡಿತು. “ಸಾಕು ಕಣೇ. ಇನ್ನು ಕುಯ್ಸೋದು ಬೇಡ. ಮನೇಲೇ ಸಾಯ್ತೀನಿ. ಅವಳಿಗೆ ಹೇಳು.”

ಲಾಳಿಯಕ್ಕನ ನಗು ಅಲ್ಲೇ ಉಡುಗಿತು.

“ಆಪರೇಷನ್ ಮಾಡ್ಸು ಅಂತಿದ್ದಾಳೆ ತಾನೇ?” ಹುಡುಗಿಯ ಕಣ್ಣು ಅಂಗಲಾಚುತ್ತಿತ್ತು. ಇವಳಿಗಾದರೂ ತಾಯಿಯನ್ನು ಬಿಟ್ಟರೆ ಯಾರಿದ್ದಾರೆ? ಹೌದು ಅಂದುಬಿಡಲೇ ಅನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ಲಾಳಿಯಕ್ಕ ನುಂಗಿಕೊಂಡಳು.

“ನನ್ನ ಬಾಯಿಂದ ಬೇಡಮ್ಮ. ಇಲ್ಲಿ ಬಾ, ಕೂತ್ಕೋ. ಅವಳ ಕಣ್ಣು ನೋಡ್ಬೇಡ, ತುಟಿ ನೋಡು.”

ತಾಯಿ ಮಗಳ ಕಡೆ ಮುಖ ತಿರುಗಿಸಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

“ಗೊತ್ತಾಗ್ತಿಲ್ಲ,” ಎಂದಳು ಮಗಳು. ಗಲ್ಲದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು.

ತಾಯಿ ಮತ್ತೆ ಹೇಳಿದಳು.

“ಗೊತ್ತಾಗ್ತಿಲ್ಲಮ್ಮ.”

ತಾಯಿ ಬೇಸರಿಸಲಿಲ್ಲ. ಕೂಸಿಗೆ ಮೊದಲ ಮಾತು ಕಲಿಸುವವಳ ಹಾಗೆ, ತುಟಿಯನ್ನು ಇನ್ನಷ್ಟು ಅಗಲಿಸಿ, ಮತ್ತೊಮ್ಮೆ ಹೇಳಿದಳು.