ಹೊಳೆಯ ಮೇಲಿನ ತೂಗಾಟ

ಅಪ್ಪ ವಾಸುದೇವರಾಯರ ಮೇಲಿನ ಬಿಳಿಬಟ್ಟೆ ಗಾಳಿಗೆ ಏಳದಂತೆ ಹರಿಪ್ರಿಯಾ ಅದರ ಅಂಚನ್ನು ಚಟ್ಟದ ಬಿದಿರಿಗೆ ಸಿಗಿಸುತ್ತಿದ್ದಳು. ಆಗ ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಅಂಗಳಕ್ಕೆ ಬಂದು, ಕೂಸಿನ ಹಣೆಯನ್ನು ರಾಯರ ಕಾಲಿಗೆ ಮುಟ್ಟಿಸಿದಳು. ತಾನು ಬುಕ್ಕಸಾಗರದ ಪಂಪಮ್ಮ ಎಂದಳು.

ರಾಯರು ಹೊಸಪೇಟೆಯ ಗಣಿ ಕಂಪನಿಯೊಂದರ ಹೆಲಿಕಾಪ್ಟರ್ ಹಾರಿಸುತ್ತಿದ್ದವರು. ಸಂಡೂರಿನ ಗುಡ್ಡಗಳ ಮೇಲೆ ಧಣಿಗಳನ್ನು ಹೊತ್ತು ತಿರುಗಿದ್ದೇ ಅವರ ಬದುಕು. ನಿನ್ನೆ ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಒರಗಿದ್ದರು. ಅವರಿಗೆ ಅಂಜಿಕೆಯೆಂಬುದೇ ಇರಲಿಲ್ಲ ಎಂದು ಬಂದವರೆಲ್ಲ ಆಡುತ್ತಿದ್ದರು. ಆ ಮಾತು ಹರಿಪ್ರಿಯಾಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

*

ಅವಳೂ ಅದೇ ವಿದ್ಯೆ ಕಲಿಯಲು ಹೋದವಳು. ಆರು ತಿಂಗಳ ಹಿಂದೆ ಒಂದು ದಿನ ಹೆಲಿಕಾಪ್ಟರಿನ ಮೂಗು ಮೇಲೆದ್ದಿತು. ಯಂತ್ರವನ್ನು ನಡೆಸುವ ಕೈಕೋಲನ್ನು ಮುಂದಕ್ಕೊತ್ತಿದಳು. ಯಂತ್ರ ತುಸು ತಡವಾಗಿ ಮಾತು ಕೇಳಿ ಮೂಗನ್ನು ತೀರ ಕೆಳಗೆ ಬಾಗಿಸಿತು; ಗಾಬರಿಯಿಂದ ಎಳೆದಳು. ಒತ್ತಿದಷ್ಟೂ ಎಳೆದಷ್ಟೂ ತೂಗಾಟ ಹೆಚ್ಚಿತು. ಕಲಿಸುವವರು ಕೈಹಾಕದಿದ್ದರೆ ಬದುಕುತ್ತಿರಲಿಲ್ಲ. ಊರಿಗೆ ಬಂದವಳು ಮತ್ತೆ ಹೋಗಲಾರೆ ಎಂದಳು. ಅಪ್ಪ, "ನಿನಗ ತಿಳಿದಂಗ ಮಾಡು" ಎಂದು ಎದ್ದುಹೋಗಿದ್ದರು. ಮಗಳ ಪುಕ್ಕಲುತನಕ್ಕೆ ಅವರು ನಾಚಿದರೆಂದೇ ಅವಳು ತಿಳಿದಿದ್ದಳು.

*

ಹೋದ ವರ್ಷ ಹೊಳೆ ಊರೊಳಗೆ ನುಗ್ಗಿದಾಗ ತುಂಬುಬಸುರಿಯಾಗಿದ್ದ ತನ್ನನ್ನು ರಾಯರು ಹೆಲಿಕಾಪ್ಟರಿನಲ್ಲಿ ಎತ್ತಿ ತಂದದ್ದನ್ನು ಪಂಪಮ್ಮ ಹೇಳಿದಳು. ನಡುಹೊಳೆಯ ಮೇಲೆ, ಅದರ ಮೂಗನ್ನು ತಾನಾಗಿಯೇ ಸ್ಥಿರವಾಗಿ ಹಿಡಿಯುವ ಉಪಕರಣ ಕೆಟ್ಟು ಯಂತ್ರ ತೂಗಾಡತೊಡಗಿತಂತೆ. ರಾಯರು ಅದನ್ನು ಆರಿಸಿ, ಕೋಲಿನೊಡನೆ ಗುದ್ದಾಡದೆ, ಬೆರಳಷ್ಟೇ ಆಡಿಸುತ್ತ ಕಮಲಾಪುರದ ಬಯಲಿಗೆ ಇಳಿಸಿದರಂತೆ.

"ನಮ್ಮಪ್ಪಗ ಭಾಳ ಧೈರ್ಯ," ಎಂದಳು ಹರಿಪ್ರಿಯಾ.

"ಧೈರ್ಯ ಎಲ್ಲೀದು, ಯವ್ವಾ? ಇಳಿದ ಮ್ಯಾಲೆ ನೆಲಕ್ಕ ಕುಂತು ಗಡಗಡ ನಡುಗಿದ್ರು. ನಾನಽ ಬೆನ್ನು ಸವರಿದೆ. 'ಮತ್ತ ಹೆಂಗ ಹತ್ತಲಿ, ತಾಯಿ' ಅಂದ್ರು. ರಿಪೇರಿ ಆದ ಮರುದಿನ ನೋಡಿದ್ರ, ಉಳಿದ ಮಂದೀನ ತರಾಕ ಹೊಂಟಿದ್ರು."

ಹರಿಪ್ರಿಯಾ ತಾಯಿಯತ್ತ ತಿರುಗಿದಳು. ವಿಜಯಲಕ್ಷ್ಮೀ ಗಂಡನ ಮುಖದಿಂದ ಕಣ್ಣು ತೆಗೆಯದೆ ಮೆಲ್ಲಗೆ ಅಂದರು: "ನಿನಗ ಹೇಳಬೇಕಂತ ಭಾಳ ಒದ್ದಾಡಿದ್ರು. ಮಗಳ ಮುಂದ ನಾಚಿಕಿ."

ಹರಿಪ್ರಿಯಾ ಅಪ್ಪನ ಪಕ್ಕದಲ್ಲಿ ಕುಳಿತಳು. ನಿನ್ನೆಯಿಂದ ಬಾರದಿದ್ದ ಅಳು ಈಗ ಬಂದಿತು.

ಹೊಳೆದಂಡೆಯಲ್ಲಿ ಚಿತೆ ಉರಿದ ಮೇಲೆ ಎಲ್ಲರೂ ಮಿಂದು ಮರಳಿದರು. ಸಂಜೆ ಪಂಪಮ್ಮ ಬಸ್ಸಿಗೆ ಹೊರಡುವ ಹೊತ್ತಿಗೆ ಹಿತ್ತಲಿನ ತಂತಿಯ ಮೇಲೆ, ಹಿಂಡಿ ಹಾಕಿದ್ದ ಬಿಳಿ ಪಂಚೆಗಳ ನಡುವೆ, ಹರಿಪ್ರಿಯಾ ಪೆಟ್ಟಿಗೆಯ ತಳದಿಂದ ತೆಗೆದು ಒಗೆದಿದ್ದ ತನ್ನ ಹಾರಾಟದ ನೀಲಿ ದಿರಿಸಿನಿಂದ ನೀರು ತೊಟ್ಟಿಕ್ಕುತ್ತಿತ್ತು.