ಕೆಂಪಣ್ಣನ ಎಡಗಾಲಿನ ಅಳತೆ

ಟೈಲರ್ ಅಂಗಡಿಯ ಯಜಮಾನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೀದಿಯವರು ಮಾತ್ರ ಅವನನ್ನು ಕೆಂಪಣ್ಣ ಎಂದೇ ಕರೆಯುತ್ತಿದ್ದರು. ಮುಖ ಅಷ್ಟು ಕೆಂಪು. "ನಿನಗೇನಪ್ಪ, ಮೈತುಂಬ ರಕ್ತ!" ಎಂದು ಯಾರಾದರೂ ಹೊಗಳಿದರೆ ಮೀಸೆ ತಿರುವುತ್ತಿದ್ದ.

ಆ ಕೆಂಪೇ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಅವನಿಗೆ ನಗು ಬಂತು. ರಕ್ತದಲ್ಲಿ ಕೆಂಪು ಕಣ ಅತಿಯಾಗಿ ಹುಟ್ಟುತ್ತವಂತೆ, ರಕ್ತ ಮಂದವಾಗುತ್ತದಂತೆ. ಜೀವನಪೂರ್ತಿ ಜೊತೆಗಿರುವ ಕಾಯಿಲೆಯಂತೆ. ಆಗಾಗ ರಕ್ತ ತೆಗೆಸಬೇಕು, ದಿನಾ ಮಾತ್ರೆ ನುಂಗಬೇಕು. ಮೊದಮೊದಲು ಹೋಗಿ ಬಂದ. ಶಾಲೆಯ ಸಮವಸ್ತ್ರದ ಬಟ್ಟೆ ರಾಶಿ ಬಿದ್ದ ಮೇಲೆ ಆಸ್ಪತ್ರೆಯನ್ನೂ ಮರೆತ, ಮಾತ್ರೆಯನ್ನೂ ಬಿಟ್ಟ.

"ಜನ ರಕ್ತ ಬರಲಿ ಅಂತ ಟಾನಿಕ್ ಕುಡೀತಾರೆ. ನಾನು ಇರೋದನ್ನ ಬಸಿದು ಕೊಟ್ಟು ಬರ್ಲಾ?" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ. ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ.

ಒಂದು ಬೆಳಿಗ್ಗೆ ಎಡಗಾಲಿನ ಮೀನಖಂಡ ಊದಿ ಬಿಗಿದುಕೊಂಡಿತು. ಮುಟ್ಟಿದರೆ ಬಿಸಿ, ನೆಲಕ್ಕೆ ಊರಿದರೆ ನೋವು. ಹೆಂಡತಿ ಎಣ್ಣೆ ಬಿಸಿ ಮಾಡಿ ತಂದಳು. "ಗಟ್ಟಿಯಾಗಿ ತಿಕ್ಕು" ಎಂದು ಅವನು ಕಾಲು ಚಾಚುವ ಹೊತ್ತಿಗೆ, ಹೊಲಿಯಲು ಕೊಟ್ಟ ಬಿಳಿ ಕೋಟು ಕೇಳಲು ಪಕ್ಕದ ಮನೆಯ ನರ್ಸಕ್ಕ ಒಳಗೆ ಬಂದಳು. ಅವನ ಕಾಯಿಲೆ ಅವಳಿಗೆ ಗೊತ್ತಿತ್ತು.

"ಕೈ ತೆಗಿಯಮ್ಮಾ! ತಿಕ್ಕಬೇಡ!"

"ಮೆಷಿನ್ ತುಳಿದೂ ತುಳಿದೂ ಊದಿದೆ, ಅಷ್ಟೇ ಅಕ್ಕಾ," ಎಂದ ಕೆಂಪಣ್ಣ. "ನಿನ್ನ ಕೋಟು ತಾನೆ? ನಾಳೆ ಕೊಡ್ತೀನಿ."

"ನಿನ್ನ ನಾಳೆ ನಂಗೆ ಗೊತ್ತು. ಮೆಷಿನ್ ಯಾವ ಕಾಲಲ್ಲಿ ತುಳೀತೀಯ?"

"ಎರಡರಲ್ಲೂ."

"ಮತ್ತೆ ಊದಿದ್ದು ಒಂದೇ ಯಾಕೆ?"

ಕೆಂಪಣ್ಣ ಬಗ್ಗಿ ತನ್ನ ಎರಡೂ ಕಾಲು ನೋಡಿಕೊಂಡ. ಹೆಂಡತಿ ಅವನ ಕೊರಳಲ್ಲಿದ್ದ ಟೇಪು ಎಳೆದುಕೊಂಡು ಎರಡೂ ಕಾಲಿಗೆ ಹಗುರವಾಗಿ ಸುತ್ತಿ ನೋಡಿದಳು. ಎಡಗಾಲು ಎರಡು ಇಂಚು ಹೆಚ್ಚಿತ್ತು.

"ರೀ, ಈ ಅಳತೆಗೆ ಪ್ಯಾಂಟು ಹೊಲಿದ್ರೆ ಗಿರಾಕಿ ಮುಖಕ್ಕೆ ಎಸೀತಾನೆ," ಎಂದಳು. ತಮಾಷೆಗೆ ಹೇಳಿದರೂ ಟೇಪು ಕೆಳಗಿಟ್ಟು ನರ್ಸಕ್ಕನ ಮುಖ ನೋಡಿದಳು.

ನರ್ಸಕ್ಕ ಪಕ್ಕ ಕೂತು ಮೆತ್ತಗೆ ಹೇಳಿದಳು: "ಎಣ್ಣೆ ಜಿಡ್ಡುಗಟ್ಟಿದ್ರೆ ನಿನ್ನ ಮೆಷಿನ್ ಕಚ್ಕೊಳ್ಳಲ್ವಾ? ರಕ್ತವೂ ಹಾಗೇ ಕಣಪ್ಪ. ಮಂದ ಆದ್ರೆ ನಾಳದೊಳಗೇ ಹೆಪ್ಪುಗಟ್ಟಬಹುದು. ತಿಕ್ಕಿದಾಗ ಆ ಹೆಪ್ಪು ಕಿತ್ತುಹೋಗಿ ಶ್ವಾಸಕೋಶದಲ್ಲಿ ಕೂತರೆ ಜೀವಕ್ಕೇ ಅಪಾಯ. ಹೌದೋ ಅಲ್ವೋ ಆಸ್ಪತ್ರೇಲಿ ನೋಡ್ತಾರೆ. ನಡಿ, ಆಟೋ ಕರೀತೀನಿ."

"ಸಮವಸ್ತ್ರ..."

"ಮಕ್ಕಳು ಹಳೇ ಅಂಗಿ ಹಾಕ್ಕೊಂಡು ಹೋಗ್ತಾರೆ," ಎಂದಳು ಹೆಂಡತಿ. "ನಾನು ಗಂಡನ್ನ ಎಲ್ಲಿಂದ ತರ್ಲಿ?"

ಅವನು ಅವಳ ಹೆಗಲು ಹಿಡಿದು ಎದ್ದ.

ಆಸ್ಪತ್ರೆಯಲ್ಲಿ ನೋಡಿದರೆ ಹೆಪ್ಪೇ ಆಗಿತ್ತು. ಹೊತ್ತಿಗೆ ಸರಿಯಾಗಿ ಹೋದದ್ದಕ್ಕೆ ಜೀವ ಉಳಿಯಿತು. ಈಗ ರಕ್ತ ತೆಗೆಸುವ ದಿನ ಅವನೇ ಅಂಗಡಿಗೆ ಬೀಗ ಹಾಕುತ್ತಾನೆ. ಒಂದು ಅಂಗಿ ಮುಗಿದರೆ ಎದ್ದು, ನೀರು ಕುಡಿದು, ಬೀದಿಯ ತುದಿಯ ತನಕ ನಡೆದು ಬರುತ್ತಾನೆ. ಮುಖದ ಕೆಂಪು ಇಳಿದಿದೆ. "ಬಾಡಿಹೋದೆಯಲ್ಲೋ ಕೆಂಪಣ್ಣ" ಎಂದು ಯಾರಾದರೂ ಮರುಗಿದರೆ, "ಬಾಡಿಲ್ಲ, ಅಳತೆಗೆ ಬಂದಿದೀನಿ" ಎನ್ನುತ್ತಾನೆ.

ನಿಮ್ಮ ಮನೆಯಲ್ಲೂ ಇಂಥ ರಕ್ತದ ಕಾಯಿಲೆ ಇರುವವರಿದ್ದರೆ ಅವರ ಮಾತ್ರೆ, ತಪಾಸಣೆ ತಪ್ಪದಂತೆ ನೋಡಿಕೊಳ್ಳಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಎದೆನೋವು, ಏದುಸಿರು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಕೈಯಲ್ಲಿರುವ ಕೆಲಸ ಕಾಯುತ್ತದೆ. ಹೆಪ್ಪು ಕಾಯುವುದಿಲ್ಲ.