ಸನ್ಮಾನವಿದ್ದ ದಿನವೆಲ್ಲ ಮೈತ್ರಿ ಗೈರುಹಾಜರು

ನಮ್ಮ ಕಡೆ ಒಂದು ಮಗು ಏನಾದರೂ ಒಳ್ಳೆಯದು ಮಾಡಿತು ಅಂದರೆ ಮುಗಿಯಿತು. ಯಾರಾದರೊಬ್ಬರು ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದೇಬಿಡುತ್ತಾರೆ. ಬರಲಿ, ಬೇಡ ಅನ್ನುವವರು ಯಾರು? ಆದರೆ ಬರುವುದು ಯಾವಾಗ ಗೊತ್ತಾ? ಬುಧವಾರ ಬೆಳಿಗ್ಗೆ ಹತ್ತೂವರೆಗೆ! ಮಗು ಕ್ಲಾಸಿನಲ್ಲಿ ಕೂತಿರಬೇಕಾದ ಹೊತ್ತಿಗೆ ಸರಿಯಾಗಿ. ನನಗೆ ಇದನ್ನು ನೆನೆದರೆ ಮೈ ಉರಿಯುತ್ತದೆ. ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳಿ.

ನನ್ನ ಹೆಸರು ಶಂಕರಮ್ಮ. ಭದ್ರಾವತಿ ಕಾಗದನಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ನನ್ನದು. ಯಾವ ಮಗು ಬಂದಿದೆ, ಯಾವುದು ಬಂದಿಲ್ಲ ಅನ್ನುವುದು ಹಾಜರಿ ಪುಸ್ತಕ ನೋಡದೆಯೇ ನನಗೆ ಗೊತ್ತಾಗುತ್ತದೆ. ಮೈತ್ರಿ ನಮ್ಮ ಪಕ್ಕದ ಮನೆಯ ಹುಡುಗಿ, ಹತ್ತನೇ ಕ್ಲಾಸು. ಜೂನ್‌ನಿಂದೀಚೆ ಊಟದ ಸಾಲಿನಲ್ಲಿ ಅವಳ ಮುಖ ಕಾಣುವುದೇ ಅಪರೂಪವಾಗಿತ್ತು.

ಈ ಹುಡುಗಿ ಸಾಮಾನ್ಯದವಳಲ್ಲ. ಹನ್ನೆರಡು ವರ್ಷದವಳಿದ್ದಾಗ ಒಂದು ಕೆಲಸ ಮಾಡಿದಳು. ಪರೀಕ್ಷೆ ಮುಗಿದ ಮೇಲೆ ಮಕ್ಕಳೆಲ್ಲ ಹಳೇ ನೋಟ್‌ಬುಕ್‌ಗಳನ್ನು ಗುಜರಿಗೆ ಹಾಕುತ್ತಾರಲ್ಲ, ಒಂದೊಂದರಲ್ಲೂ ಹತ್ತು ಹದಿನೈದು ಖಾಲಿ ಹಾಳೆ ಉಳಿದಿರುತ್ತವೆ. ಮೈತ್ರಿ ಮನೆಮನೆಗೆ ಹೋಗಿ ಅವನ್ನು ಕೇಳಿ ತಂದಳು. ಅವಳ ತಾತ ಮಂಜಪ್ಪ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಗೆರೆ ಇದ್ದದ್ದು, ಇಲ್ಲದ್ದು ಬೇರೆ ಮಾಡುವುದು, ಮಡಿಸುವುದು, ದಪ್ಪ ಸೂಜಿಯಲ್ಲಿ ಹೊಲಿಯುವುದು, ಎಲ್ಲ ಹೇಳಿಕೊಟ್ಟರು. "ಪಿನ್ ಹೊಡೀಬೇಡ ಕಣವ್ವ, ತುಕ್ಕು ಹಿಡಿಯುತ್ತೆ. ದಾರ ಹಾಕು" ಅನ್ನುತ್ತಿದ್ದರು. ಅಂಚು ಕತ್ತರಿಸುವುದನ್ನು ಮಾತ್ರ ಪ್ರೆಸ್ಸಿನವರಿಗೇ ಕೊಡುತ್ತಿದ್ದರು. ಬ್ಲೇಡಿನ ಮಷಿನ್ನಿನ ಹತ್ತಿರ ಮಗುವನ್ನು ಬಿಡುತ್ತಿರಲಿಲ್ಲ.

ಹೀಗೆ ತಯಾರಾದ ರಫ್ ಬುಕ್ಕಿಗೆ ಹತ್ತು ರೂಪಾಯಿ. ಸ್ಕೂಲು ಬಿಟ್ಟ ಮೇಲೆ ಎರಡು ಗಂಟೆ, ಭಾನುವಾರ ಅರ್ಧ ದಿನ, ಅಷ್ಟೇ ಅವಳ ಕೆಲಸ. ಎರಡು ವರ್ಷದಲ್ಲಿ ಭದ್ರಾವತಿಯ ಅಂಗಡಿಗಳಲ್ಲೆಲ್ಲ ಅವಳ ಪುಸ್ತಕ ಬಂತು. ಕ್ಲಾಸಿನಲ್ಲೂ ಮುಂದೆ ಇದ್ದಳು. ನೋಡಿ, ಹೊಟ್ಟೆ ತಣ್ಣಗಾಗುತ್ತಿತ್ತು.

ಆಮೇಲೆ ಯಾರೋ ಮೊಬೈಲಿನಲ್ಲಿ ಅವಳ ವಿಡಿಯೋ ಮಾಡಿ ಹಾಕಿದರು. ಲಕ್ಷ ಜನ ನೋಡಿದರಂತೆ. ಅಲ್ಲಿಂದ ಶುರುವಾಯಿತು ಗ್ರಹಚಾರ.

ಸುಳ್ಳು ಯಾಕೆ ಹೇಳಲಿ, ಮೊದಲ ಸನ್ಮಾನ ಮಾಡಿದ್ದು ನಮ್ಮ ಸ್ವಸಹಾಯ ಸಂಘವೇ. ಅದೂ ವಾರದ ನಡುವೆ. ಆರತಿ ತಟ್ಟೆ ಹಿಡಿದು ಹಲ್ಲು ಕಿರಿದು ಫೋಟೋಗೆ ನಿಂತವಳು ಇದೇ ಶಂಕರಮ್ಮ. ಆ ಫೋಟೋ ನೋಡಿದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಮ್ಮನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಕೊನೆಗೆ ಶಿವಮೊಗ್ಗದ ಉಜ್ಜನಪ್ಪನವರು ಬಂದರು. ಅವರದ್ದೊಂದು ಬಳಗ, ಸನ್ಮಾನ ಮಾಡುವುದೇ ಅದರ ಕೆಲಸ. ಕೆಟ್ಟವರೇನಲ್ಲ, ಸ್ವಂತ ದುಡ್ಡಿನಲ್ಲೇ ಶಾಲು ತರುತ್ತಾರೆ. ಅವರು ಮೈತ್ರಿಯನ್ನು ಊರೂರಿನ ಸ್ಕೂಲು, ಕಾಲೇಜಿಗೆ ಕರೆದುಕೊಂಡು ಹೋಗತೊಡಗಿದರು. 'ಓದಿನ ಜೊತೆಗೆ ಉದ್ಯೋಗ' ಅಂತ ಭಾಷಣ. ಎಂಥಾ ಚಂದ ನೋಡಿ! ಬೇರೆ ಸ್ಕೂಲಿನಲ್ಲಿ ನಿಂತು 'ಚೆನ್ನಾಗಿ ಓದಿ' ಅನ್ನುತ್ತಾಳೆ, ಅವಳ ಸ್ವಂತ ಸ್ಕೂಲಿನಲ್ಲಿ ಅವಳ ಬೆಂಚು ಖಾಲಿ!

ನವೆಂಬರ್ ಕೊನೆಯಲ್ಲಿ ಒಂದು ದಿನ ಅವಳ ಕ್ಲಾಸ್ ಟೀಚರ್ ಉಮಾಮಹೇಶ್ವರಿ ಮೇಡಂ ಅಡುಗೆಮನೆಗೇ ಬಂದರು.

"ಶಂಕರಮ್ಮ, ನೀವು ಅವರ ಪಕ್ಕದ ಮನೇಲಿ ಇರೋದಲ್ವಾ? ನಾನು ಎರಡು ಸಲ ಪತ್ರ ಕಳಿಸ್ದೆ, ಮೂರು ಸಲ ಫೋನ್ ಮಾಡ್ದೆ. ಅವರಪ್ಪ 'ಆಯ್ತು ಮೇಡಂ' ಅಂತಾರೆ, ಅಷ್ಟೇ. ಹತ್ತನೇ ಕ್ಲಾಸ್ ಪರೀಕ್ಷೆಗೆ ಕೂರಬೇಕು ಅಂದ್ರೆ ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಇವಳದ್ದು ಎಪ್ಪತ್ತಕ್ಕೆ ಬಂದು ನಿಂತಿದೆ."

"ಇನ್ನೂ ಟೈಮಿದೆಯಲ್ಲ ಮೇಡಂ?"

"ಇದೆ. ಆದರೆ ಇನ್ನು ಒಂಬತ್ತು ದಿನಕ್ಕಿಂತ ಜಾಸ್ತಿ ತಪ್ಪಿಸಿದ್ರೆ ಹಾಲ್ ಟಿಕೆಟ್ ಸಿಗಲ್ಲ. ಆ ಉಜ್ಜನಪ್ಪನೋರು ಈ ಶುಕ್ರವಾರದಿಂದ ಅದೇನೋ 'ಸ್ಫೂರ್ತಿ ಯಾತ್ರೆ' ಇಟ್ಕೊಂಡಿದಾರಂತೆ. ಹನ್ನೆರಡು ದಿನ. ಮಗು ಲೆಕ್ಕದಲ್ಲಿ ಅರ್ಧ ವಾರ್ಷಿಕಕ್ಕೆ ಹತ್ತೊಂಬತ್ತು ತೆಗೆದಿದೆ. ಮೊದಲು ತೊಂಬತ್ತು ತೆಗೀತಿದ್ದೋಳು!"

"ಇವತ್ತೇ ಹೋಗಿ ಕೇಳ್ತೀನಿ ಮೇಡಂ" ಅಂದೆ.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಮೈತ್ರಿಯ ಅಪ್ಪ ಭೀಮೇಶ ಆಗಷ್ಟೇ ಮಾಚೇನಹಳ್ಳಿಯಿಂದ ಕೆಲಸ ಮುಗಿಸಿ ಬಂದಿದ್ದ. ಅಲ್ಲೊಂದು ವರ್ಕ್‌ಶಾಪಿನಲ್ಲಿ ಅವನದು ಕಾಂಟ್ರ್ಯಾಕ್ಟ್ ಕೆಲಸ. ನಾನು ಕೂರುವುದಕ್ಕೂ ಮೊದಲೇ ಕೇಳಿದೆ.

"ಏನ್ ಮಾರಾಯ ಭೀಮೇಶ, ಮಗೂನ ಕೋಲೆಬಸವನ ಹಂಗೆ ಊರೂರು ತಿರುಗಿಸ್ತಿದೀಯಲ್ಲ, ಹತ್ತನೇ ಕ್ಲಾಸ್ ಪಾಸ್ ಆಗೋದು ಬೇಡ್ವಾ ಅವಳು?"

"ಅಯ್ಯೋ ಶಂಕರಮ್ಮಕ್ಕ, ನೀನೂ ಮೇಡಂ ಥರಾನೇ ಶುರು ಮಾಡ್ದೆ. ದೊಡ್ಡ ದೊಡ್ಡ ಕಂಪ್ನಿ ಕಟ್ಟಿದೋರೆಲ್ಲ ಓದು ಅರ್ಧಕ್ಕೆ ಬಿಟ್ಟೋರೇ ಅಂತೆ. ಉಜ್ಜನಪ್ಪನೋರು ಭಾಷಣದಲ್ಲೇ ಹೇಳಿದ್ರು."

"ಬಿಟ್ಟಿದ್ದು ಕಾಲೇಜು ಕಣೋ, ಹತ್ತನೇ ಕ್ಲಾಸಲ್ಲ! ಅಂಥೋರು ಎಷ್ಟು ಜನ? ಓದು ಬಿಟ್ಟು ಮೂಟೆ ಹೊರ್ತಿರೋರು ಎಷ್ಟು ಜನ? ಅವರಿಗ್ಯಾರೂ ಶಾಲು ಹೊದಿಸಲ್ಲ, ಅದಕ್ಕೇ ನಿನಗೆ ಕಾಣಲ್ಲ."

"ನಾನು ಐಟಿಐ ಓದಿ ಏನ್ ಕಿಸಿದೆ ಅಕ್ಕ? ಅವಳ ಹತ್ರ ಆಗ್ಲೇ ಒಂದು ಬಿಸಿನೆಸ್ ಇದೆ."

ಆಗ ಮೂಲೆಯಲ್ಲಿ ಕೂತಿದ್ದ ಮಂಜಪ್ಪ ತಾತ ಬಾಯಿ ಬಿಟ್ಟರು.

"ಯಾವ ಬಿಸಿನೆಸ್ಸೋ? ಜೂನ್‌ನಿಂದ ಈ ಮನೇಲಿ ಒಂದು ಪುಸ್ತಕ ಹೊಲಿದಿದ್ರೆ ತೋರ್ಸು."

ನನಗೆ ಅರ್ಥವಾಗಲಿಲ್ಲ. "ಅಂಗಡೀಲೆಲ್ಲ ಇದೆಯಲ್ಲ ಮಂಜಪ್ಪಣ್ಣ?" ಅಂದೆ.

"ಅದು ಅವಳದ್ದಲ್ಲ ಕಣಮ್ಮ. ಇವನು ಶಿವಮೊಗ್ಗದಿಂದ ಹೋಲ್‌ಸೇಲಲ್ಲಿ ತಂದು ಅವಳ ಹೆಸರಿನ ಚೀಟಿ ಅಂಟಿಸ್ತಾನೆ. ಸನ್ಮಾನ ಮುಗಿಸ್ಕೊಂಡು ಮಗು ಮನೆಗೆ ಬರೋದೇ ರಾತ್ರಿ ಎಂಟಕ್ಕೆ. ಹೊಲಿಯೋದು ಯಾವಾಗ?"

ಒಳಗಿನಿಂದ ಮೈತ್ರಿ ಬಂದಳು. ಕಣ್ಣು ತುಂಬಿಕೊಂಡಿತ್ತು. "ಅತ್ತೆ, ಸ್ಟೇಜಲ್ಲಿ 'ಇದನ್ನ ನಾನೇ ಹೊಲಿದೆ' ಅಂತ ಪುಸ್ತಕ ಎತ್ತಿ ತೋರಿಸ್ಬೇಕು. ಪ್ರತಿ ಸಲ ನಾಚಿಕೆ ಆಗುತ್ತೆ. ಕ್ಲಾಸಿಗೆ ಹೋದ್ರೆ ಏನೂ ತಲೆಗೆ ಹತ್ತಲ್ಲ. ನಂಗೆ ಎರಡೂ ಬೇಕಿತ್ತು ಅತ್ತೆ. ಈಗ ಎರಡೂ ಇಲ್ಲ."

ನನಗೆ ಎಷ್ಟು ಸಂಕಟವಾಯಿತೆಂದರೆ, ಭೀಮೇಶನ ಕತ್ತು ಹಿಸುಕಿಬಿಡೋಣ ಅನ್ನಿಸಿತು. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ!" ಅಂತ ಕೂಗಿದೆ.

ಅವನಿಗೂ ರೇಗಿತು. "ಹೇಳೋದು ಸುಲಭ ಅಕ್ಕ! ಹದಿನೆಂಟು ವರ್ಷದಿಂದ ದುಡೀತಿದೀನಿ. ನನ್ನನ್ನ ಯಾರಾದ್ರೂ ಒಂದಿನ 'ಸಾರ್' ಅಂದಿದಾರಾ? ಮುಂದಿನ ಸಾಲಲ್ಲಿ ಕೂರಿಸಿದಾರಾ? ಈಗ ಕೂರಿಸ್ತಾರೆ. ಮಗಳಿಂದ ಅಷ್ಟು ಸುಖ ಪಡಬಾರ್ದಾ ನಾನು?" ಅಂದ. ಆಮೇಲೆ ದನಿ ತಗ್ಗಿಸಿ, "ಶುಕ್ರವಾರದ್ದು ಒಪ್ಕೊಂಡುಬಿಟ್ಟಿದೀನಿ. ಮಾತು ತಪ್ಪಕ್ಕಾಗಲ್ಲ" ಅಂದ.

ಅವನ ಮಾತು ಕೇಳಿ ಪಾಪ ಅನ್ನಿಸಿತು, ನಿಜ. ಆದರೆ ಅವನು ಮುಂದಿನ ಸಾಲಿನಲ್ಲಿ ಕೂರುವುದಕ್ಕೆ ಮಗಳು ಪರೀಕ್ಷೆ ಕಳೆದುಕೊಳ್ಳಬೇಕಾ? ಯಾವ ನ್ಯಾಯ ಇದು?

"ಸರಿ, ನಾನೂ ಬರ್ತೀನಿ" ಅಂದೆ.

ಶುಕ್ರವಾರ ಅಡುಗೆ ಕೆಲಸವನ್ನು ಜೊತೆಯವಳಿಗೆ ಒಪ್ಪಿಸಿ ಅವರ ಜೊತೆಗೇ ಬಸ್ ಹತ್ತಿದೆ. ಶಿವಮೊಗ್ಗದ ಹೊಸಮನೆ ಬಡಾವಣೆ ಕಡೆ ಒಂದು ಸಭಾಭವನ. ಒಳಗೆ ಹೋಗಿ ನೋಡಿದರೆ ನನ್ನ ಪಿತ್ತ ನೆತ್ತಿಗೇರಿತು. ಕುರ್ಚಿ ತುಂಬಿಸುವುದಕ್ಕೆ ಯಾವುದೋ ಸ್ಕೂಲಿನಿಂದ ನೂರೈವತ್ತು ಮಕ್ಕಳನ್ನು ಯೂನಿಫಾರ್ಮಿನಲ್ಲೇ ತಂದು ಕೂರಿಸಿದ್ದರು! ಒಬ್ಬಳ ಓದು ಹಾಳು ಮಾಡಿದ್ದು ಸಾಲಲಿಲ್ಲ ಇವರಿಗೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಬಂದದ್ದು ಹನ್ನೆರಡಕ್ಕೆ. ಅಲ್ಲಿಯವರೆಗೆ ಮಕ್ಕಳು ಆಕಳಿಸುತ್ತ ಕೂತಿದ್ದವು.

ಮೈತ್ರಿಗೆ ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರಿತು. ಭೀಮೇಶ ಮುಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದ. ಉಜ್ಜನಪ್ಪನವರು ಮೈಕಿನಲ್ಲಿ, "ಮಕ್ಕಳೇ, ಈ ಅಕ್ಕನಿಗೆ ಪ್ರಶ್ನೆ ಕೇಳಿ, ಸ್ಫೂರ್ತಿ ಪಡೀರಿ" ಅಂದರು.

ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತಿತು. ಆರನೇ ಕ್ಲಾಸೋ ಏಳನೆಯದೋ ಇರಬೇಕು.

"ಅಕ್ಕ, ಇವತ್ತು ನಿಮ್ ಸ್ಕೂಲಿಗೆ ರಜಾನಾ?"

ಸಭೆಯಲ್ಲಿ ಒಂದಿಬ್ಬರು ನಕ್ಕರು. ಮೈತ್ರಿ ನಗಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲ ಪುಟ್ಟ, ರಜ ಇಲ್ಲ. ಇವತ್ತು ನಮಗೆ ಲೆಕ್ಕದ ಟೆಸ್ಟ್ ಇದೆ. ನಾನು ಹೋಗಿಲ್ಲ. ಈ ವರ್ಷ ಮೂವತ್ತಾರು ದಿನ ಹೋಗಿಲ್ಲ. ಹಿಂಗೇ ಆದ್ರೆ ಪರೀಕ್ಷೆಗೆ ಕೂರಿಸಲ್ಲ ಅಂತ ಮೇಡಂ ಹೇಳಿದಾರೆ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೊಂದು ಮಾತು. ಈ ಮೇಜಿನ ಮೇಲಿರೋ ಪುಸ್ತಕ ನಾನು ಹೊಲಿದಿದ್ದಲ್ಲ. ಹೊಲಿಯೋಕೆ ನಂಗೆ ಟೈಮೇ ಇಲ್ಲ."

ಉಜ್ಜನಪ್ಪನವರಿಗೆ ಏನು ಮಾಡಬೇಕೋ ತೋಚಲಿಲ್ಲ. ಅಭ್ಯಾಸಬಲ ನೋಡಿ, ಮೈಕ್ ಹಿಡಿದು, "ಎಂಥಾ ಪ್ರಾಮಾಣಿಕತೆ! ಮಕ್ಕಳೇ, ಜೋರಾಗಿ ಚಪ್ಪಾಳೆ!" ಅಂದುಬಿಟ್ಟರು.

ಎಲ್ಲರೂ ಹೊಡೆದರು! ಮಗು 'ನನ್ನ ಓದು ಹೋಯಿತು, ಕೆಲಸ ಹೋಯಿತು' ಅಂತ ಗೋಳು ಹೇಳಿಕೊಂಡರೆ ಅದಕ್ಕೂ ಚಪ್ಪಾಳೆ! ಅತಿಥಿಗಳೂ ಹೊಡೆದರು. ನಾನು ಬೈಯಬೇಕೆಂದು ಎದ್ದೆ. ನನಗಿಂತ ಮೊದಲು ಭೀಮೇಶ ಎದ್ದಿದ್ದ.

"ನಿಲ್ಸ್ರೀ!" ಅಂತ ಕೂಗಿದ. "ಯಾಕ್ರೀ ಚಪ್ಪಾಳೆ ಹೊಡೀತೀರಿ? ನನ್ನ ಮಗಳಿಗೆ ಹಾಲ್ ಟಿಕೆಟ್ ಸಿಗಲ್ಲ ಅಂತಿದಾಳೆ, ಕೇಳಿಸ್ಲಿಲ್ವಾ ನಿಮಗೆ?"

ಕೇಳಿಸದೇ ಇದ್ದದ್ದು ಅವನಿಗೇ. ಐದು ತಿಂಗಳಿಂದ ಮೇಡಂ ಹೇಳಿದರು, ಮಂಜಪ್ಪಣ್ಣ ಹೇಳಿದರು, ನಾನು ಹೇಳಿದೆ. ಆ ಚಪ್ಪಾಳೆ ಕೇಳಿದ ಮೇಲೆ ಅವನಿಗೆ ಕಿವಿ ಬಂತು. ಮಗಳ ಕೈ ಹಿಡಿದು ಸ್ಟೇಜಿನಿಂದ ಇಳಿಸಿದ. ಉಜ್ಜನಪ್ಪನವರು ಹಿಂದೆಯೇ ಬಂದರು.

"ಭೀಮೇಶ್, ಹನ್ನೆರಡು ದಿನದ ಯಾತ್ರೆ! ಬ್ಯಾನರ್ ಪ್ರಿಂಟ್ ಆಗಿದೆ!"

"ಮಗಳು ಒಬ್ಬಳೇ ಸಾರ್ ನಂಗೆ" ಅಂದ ಭೀಮೇಶ. "ಬ್ಯಾನರ್ ನೀವು ಇನ್ನೊಂದು ಮಾಡಿಸ್ಕೊಳ್ಳಿ."

ಬಸ್ಸು ಮಾಚೇನಹಳ್ಳಿ ದಾಟಿದ ಮೇಲೆ ಭೀಮೇಶ, "ಅಕ್ಕ, ಒಂಬತ್ತು ದಿನ ಅಂದ್ರಲ್ಲ ಮೇಡಂ, ಇವತ್ತಿಂದು ಸೇರಿಸ್ದ್ರೆ ಎಂಟು ಉಳೀತಾ?" ಅಂತ ಕೇಳಿದ. ಹೌದು ಅಂದೆ. ನಾವು ಸ್ಕೂಲು ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಮೈತ್ರಿ ಚೂಡಿದಾರದಲ್ಲೇ ಕ್ಲಾಸಿಗೆ ಓಡಿದಳು. ಭೀಮೇಶ ಮೇಡಂ ಮುಂದೆ ಕೈಮುಗಿದು ನಿಂತ. ಅಂಗಡಿಗಳಿಗೆ ಕೊಟ್ಟಿದ್ದ ಹೋಲ್‌ಸೇಲ್ ಪುಸ್ತಕಗಳನ್ನು ಮಾರನೇ ದಿನ ಅವನೇ ವಾಪಸ್ ತಂದ. 'ಮಗಳ ಪರೀಕ್ಷೆ ಮುಗಿಯೋತನಕ ಪುಸ್ತಕ ಇಲ್ಲ' ಅಂತ ಹೇಳಿ ಬಂದ.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾನು ಸನ್ಮಾನ ಬೇಡ ಅನ್ನುತ್ತಿಲ್ಲ. ಚಿಕ್ಕ ವಯಸ್ಸಿನಲ್ಲಿ ಸ್ವಂತ ಬುದ್ಧಿಯಿಂದ ಒಂದು ಕಸುಬು ಕಟ್ಟಿದ ಮಗುವಿಗೆ ಬೆನ್ನು ತಟ್ಟಲೇಬೇಕು. ಆದರೆ ಆ ಕಸುಬು ಸ್ಕೂಲು ಬಿಟ್ಟ ಮೇಲಿನ ಒಂದೆರಡು ಗಂಟೆಯದಾಗಿರಲಿ, ಬ್ಲೇಡು ಬೆಂಕಿಯ ಹತ್ತಿರದ್ದು ಬೇಡ. ಹದಿನಾಲ್ಕು ತುಂಬದ ಮಕ್ಕಳನ್ನು ಸ್ಕೂಲು ಬಿಡಿಸಿ ದುಡಿಸಿದರೆ ಅದು ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ 'ಬಾಲ ಉದ್ಯಮಿ' ಅಂತ ಚಂದದ ಹೆಸರಿಟ್ಟರೂ ಅಪರಾಧವೇ. ಅಂಥದ್ದು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಅಪ್ಪ ಅಮ್ಮಂದಿರೇ, ತಿಂಗಳಿಗೊಂದು ಸಲ ಸ್ಕೂಲಿಗೆ ಹೋಗಿ ನಿಮ್ಮ ಮಗುವಿನ ಹಾಜರಿ ಎಷ್ಟಿದೆ ಅಂತ ನೀವೇ ಕೇಳಿ.

ಶಾಲು ಹಿಡಿದು ಹೊರಟ ದೊಡ್ಡ ಮನಸ್ಸಿನವರೇ, ನಿಮಗೊಂದು ಮಾತು. ಮೈತ್ರಿ ದಿನಾ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಲ್ಲುತ್ತಿದ್ದಾಳೆ. ಈ ವಾರವೂ ಇಬ್ಬರು ಫೋನ್ ಮಾಡಿ ಸನ್ಮಾನಕ್ಕೆ ಅವಳ ಡೇಟು ಕೇಳಿದರಂತೆ. ಭೀಮೇಶ ಕೊಟ್ಟಿಲ್ಲ. ನೀವೂ ಕೇಳಬೇಡಿ. ಪರೀಕ್ಷೆ ಮುಗಿಯಲಿ, ಒಂದು ಭಾನುವಾರ ಬನ್ನಿ. ಬರುವಾಗ ಅತಿಥಿಗಳನ್ನು ಕರೆತರಬೇಡಿ, ಮನೆಯಲ್ಲಿರುವ ಹಳೇ ನೋಟ್‌ಬುಕ್ ತನ್ನಿ. ಅವಳಿಗೆ ಬೇಕಾಗಿರುವುದು ಅದು.